‘ದಿ ಬ್ಯಾಡ್ ಅಂಡ್ ದಿ ಬ್ಯೂಟಿಫುಲ್’ (1952): ಜೊನಾಥನ್ ಶೀಲ್ಡ್ಸ್‌ನ ಋಣ ಯಾರ ಮೇಲಿದೆ?

ಹಳೆಯ ರೀಲು:

ವಿನ್ಸೆಂಟ್ ಮಿನೆಲ್ಲಿ ನಿರ್ದೇಶಿಸಿ, ಜಾನ್ ಹೌಸ್‌ಮನ್ ನಿರ್ಮಿಸಿದ ಎಂಜಿಎಂ ಸ್ಟುಡಿಯೋದ ಈ ಚಿತ್ರವನ್ನು ಮೂರನೆಯ ಸಲ ನೋಡಿ ಎರಡು ದಿನಗಳಾದವು. ಹಿಂದಿನ ಎರಡು ಸಲವೂ ಉತ್ತರ ಸಿಗದೆ ಉಳಿದಿದ್ದ ಪ್ರಶ್ನೆ ಈ ಸಲವೂ ಹಾಗೆಯೇ ಉಳಿದಿರುವುದರಿಂದ ಅದನ್ನು ಬಲ್ಲವರ ಮುಂದೆ ಇಡುತ್ತಿದ್ದೇನೆ. ಚಿತ್ರ ನೋಡದವರಿಗಾಗಿ ಕಥೆಯನ್ನು ಕೊನೆಯವರೆಗೂ ಹೇಳಬೇಕಾಗಿದೆ. ಮೊದಲು ನೋಡುವೆವೆನ್ನುವವರು ಇಲ್ಲಿಗೆ ನಿಲ್ಲಿಸುವುದು ಒಳ್ಳೆಯದು.

ದಿವಾಳಿಯಾಗಿ ಪ್ಯಾರಿಸ್ಸಿನಲ್ಲಿರುವ ನಿರ್ಮಾಪಕ ಜೊನಾಥನ್ ಶೀಲ್ಡ್ಸ್ (ಕರ್ಕ್ ಡಗ್ಲಾಸ್) ಹಾಲಿವುಡ್ಡಿನ ಮೂವರಿಗೆ ಫೋನ್ ಮಾಡುತ್ತಾನೆ. ನಿರ್ದೇಶಕ ಫ್ರೆಡ್ ಆಮಿಯಲ್, ತಾರೆ ಜಾರ್ಜಿಯಾ ಲಾರಿಸನ್, ಲೇಖಕ ಜೇಮ್ಸ್ ಲೀ ಬಾರ್ಟ್ಲೋ, ಈ ಮೂವರೂ ಅವನೊಡನೆ ಮಾತನಾಡಲು ಒಪ್ಪುವುದಿಲ್ಲ. ಸ್ಟುಡಿಯೋದ ಹಿರಿಯ ಹ್ಯಾರಿ ಪೆಬೆಲ್ ಮೂವರನ್ನೂ ತನ್ನ ಕಚೇರಿಗೆ ಕರೆಸಿ, ಶೀಲ್ಡ್ಸ್ ಹೊಸ ಚಿತ್ರವೊಂದನ್ನು ಮಾಡಲಿದ್ದಾನೆ, ನೀವು ಮೂವರೂ ಬೇಕಂತೆ ಎನ್ನುತ್ತಾನೆ. ಒಬ್ಬೊಬ್ಬರೂ ತಮಗಾದ ದ್ರೋಹವನ್ನು ನೆನೆದುಕೊಳ್ಳುತ್ತಾರೆ. ಆಮಿಯಲ್ ವರ್ಷಗಟ್ಟಲೆ ಎದೆಯಲ್ಲಿಟ್ಟುಕೊಂಡು ಸಾಕಿದ್ದ ಕಥಾವಸ್ತುವನ್ನು ಶೀಲ್ಡ್ಸ್ ದೊಡ್ಡ ಬಂಡವಾಳದ ಚಿತ್ರವಾಗಿಸಿ, ನಿರ್ದೇಶನವನ್ನು ಹೆಸರಾಂತ ಫಾನ್ ಎಲ್‌ಸ್ಟೈನ್‌ಗೆ ಕೊಟ್ಟುಬಿಟ್ಟ. ಕುಡಿತದಲ್ಲಿ ಮುಳುಗಿದ್ದ ಜಾರ್ಜಿಯಾಳನ್ನು ಪ್ರೀತಿಯ ನಟನೆಯಿಂದ ಮೇಲೆತ್ತಿ ತಾರೆಯನ್ನಾಗಿ ಮಾಡಿದ. ಅವಳ ಚಿತ್ರ ಬಿಡುಗಡೆಯಾದ ರಾತ್ರಿಯೇ ಅವಳು ಅವನ ಮನೆಯಲ್ಲಿ ಇನ್ನೊಬ್ಬ ಹೆಣ್ಣನ್ನು ಕಂಡಳು. ಬಾರ್ಟ್ಲೋನ ಬರವಣಿಗೆಗೆ ಅವನ ಹೆಂಡತಿ ರೋಸ್‌ಮೆರಿ ಅಡ್ಡಿಯಾಗುತ್ತಾಳೆಂದು ಅವಳನ್ನು ಗಾಚೋ ಎಂಬ ಚೆಲುವ ನಟನಿಗೆ ಗಂಟುಹಾಕಿದ. ಆ ಇಬ್ಬರೂ ವಿಮಾನ ಅಪಘಾತದಲ್ಲಿ ಸತ್ತರು.

ಪ್ರತಿಯೊಬ್ಬರ ಕಥೆ ಮುಗಿದಾಗಲೂ ಪೆಬೆಲ್ ಒಂದೇ ಮಾತನ್ನು ಬೇರೆ ಬೇರೆ ರೀತಿಯಲ್ಲಿ ಹೇಳುತ್ತಾನೆ. ಆಮಿಯಲ್ ಇಂದು ದೊಡ್ಡ ನಿರ್ದೇಶಕ, ಜಾರ್ಜಿಯಾ ಅಗ್ರತಾರೆ, ಬಾರ್ಟ್ಲೋ ತನ್ನ ಸತ್ತ ಹೆಂಡತಿಯನ್ನು ಕುರಿತು ಬರೆದ ಕಾದಂಬರಿಗೆ ಪುಲಿಟ್ಜರ್ ಪಡೆದವನು. ಹಾಗಿದ್ದ ಮೇಲೆ ಶೀಲ್ಡ್ಸ್ ನಿಮ್ಮನ್ನು ಹಾಳುಮಾಡಿದನೆಂದು ಹೇಗೆ ಹೇಳುತ್ತೀರಿ ಎಂಬುದು ಅವನ ವಾದ. ಚಿತ್ರ ಈ ವಾದವನ್ನು ಒಪ್ಪುತ್ತದೆಯೇ ಎಂಬುದೇ ನನ್ನ ಪ್ರಶ್ನೆ. ಒಪ್ಪುತ್ತದೆ ಎಂದು ನನಗೆ ಭಯ, ಏಕೆಂದರೆ ನೋಡುವಷ್ಟು ಹೊತ್ತೂ ನಾನು ಶೀಲ್ಡ್ಸ್‌ನ ಪಕ್ಷದಲ್ಲೇ ಇದ್ದೆ.

ನೆರಳು-ಬೆಳಕು:

ತಾವು ಶೀಲ್ಡ್ಸ್‌ನ ಪಕ್ಷ ವಹಿಸಿದ್ದಕ್ಕೆ ಕಾರಣ ಸರಳವಾದದ್ದು: ಅವನಿಗೆ ಕೆಲಸ ಗೊತ್ತಿದೆ. ಮೊದಲ ಭಾಗದ ಬೆಕ್ಕು-ಮನುಷ್ಯರ ಪ್ರಸಂಗವನ್ನು ನೆನಪಿಸಿಕೊಳ್ಳಿ. ಪೆಬೆಲ್‌ನ ಕೈಕೆಳಗೆ ಅಗ್ಗದ ಭಯಾನಕ ಚಿತ್ರವೊಂದನ್ನು ಮಾಡಬೇಕಾಗಿ ಬಂದಾಗ ನಟರಿಗೆ ತೊಡಿಸಲು ತಂದ ಬೆಕ್ಕಿನ ವೇಷಗಳು ನಗೆ ಬರಿಸುವಂತಿರುತ್ತವೆ. ಶೀಲ್ಡ್ಸ್ ದೀಪ ಆರಿಸಿ, ಜನರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಕತ್ತಲೆಯೆಂದು ಆಮಿಯಲ್‌ಗೆ ಹೇಳುತ್ತಾನೆ. ಬೆಕ್ಕನ್ನು ತೋರಿಸದೆ ಬೆಕ್ಕಿನ ಭಯವನ್ನು ತೋರಿಸುವುದು ಹೇಗೆಂದು ಇಬ್ಬರೂ ಸೇರಿ ಕಟ್ಟುತ್ತಾ ಹೋಗುತ್ತಾರೆ. ಇಬ್ಬರು ಕಸುಬುದಾರರು ಒಟ್ಟಿಗೆ ಯೋಚಿಸುವ ಸಂತೋಷವನ್ನು ಇಷ್ಟು ಚೆನ್ನಾಗಿ ಹಿಡಿದ ದೃಶ್ಯವನ್ನು ನಾನು ಬೇರೆಡೆ ಕಂಡದ್ದು ಕಡಿಮೆ.

ಇದರ ಹಿಂದೆ ನಿಜವಾದ ಚರಿತ್ರೆಯೇ ಇದೆ. 1942ರಲ್ಲಿ ಆರ್‌ಕೆಓ ಸ್ಟುಡಿಯೋದಲ್ಲಿ ವಾಲ್ ಲ್ಯೂಟನ್ ನಿರ್ಮಿಸಿ ಜಾಕ್ ಟೂರ್ನರ್ ನಿರ್ದೇಶಿಸಿದ ‘ಕ್ಯಾಟ್ ಪೀಪಲ್’ ಇದೇ ದಾರಿಯಲ್ಲಿ ಗೆದ್ದ ಚಿತ್ರ. ಸ್ಟುಡಿಯೋದವರು ಲ್ಯೂಟನ್‌ಗೆ ಸಣ್ಣ ಬಂಡವಾಳ ಮತ್ತು ಒಂದು ಹೆಸರನ್ನಷ್ಟೇ ಕೊಡುತ್ತಿದ್ದರು, ಉಳಿದದ್ದನ್ನು ಅವನು ನೆರಳಿನಿಂದ ತುಂಬಬೇಕಿತ್ತು. ಈಜುಕೊಳದ ಗೋಡೆಯ ಮೇಲೆ ಅಲುಗಾಡುವ ನೆರಳು, ಖಾಲಿ ಬೀದಿಯ ಹೆಜ್ಜೆ ಸದ್ದು, ಇವುಗಳಿಂದಲೇ ಆ ಚಿತ್ರ ಜನರನ್ನು ಹೆದರಿಸಿತು.

ಶೀಲ್ಡ್ಸ್‌ನ ಉಳಿದ ಅರ್ಧ ಡೇವಿಡ್ ಓ. ಸೆಲ್ಜ್‌ನಿಕ್‌ನದು ಎಂಬುದನ್ನು ಆ ಕಾಲದವರು ಕೂಡಲೇ ಗುರುತಿಸಿದ್ದರು. ಸೆಲ್ಜ್‌ನಿಕ್‌ನ ತಂದೆ ಲೂಯಿಸ್ ಸೆಲ್ಜ್‌ನಿಕ್ ಮೂಕಿಚಿತ್ರಗಳ ಕಾಲದಲ್ಲಿ ನಿರ್ಮಾಪಕನಾಗಿದ್ದು ದಿವಾಳಿಯಾದವನು. ಮಗ 1939ರಲ್ಲಿ ‘ಗಾನ್ ವಿತ್ ದಿ ವಿಂಡ್’ ತೆಗೆದು ಆ ಹೆಸರನ್ನು ಎಲ್ಲರ ತಲೆಯ ಮೇಲೆ ಏರಿಸಿದ. ಶೀಲ್ಡ್ಸ್‌ನೂ ಎಲ್ಲರೂ ದ್ವೇಷಿಸುತ್ತಿದ್ದ ನಿರ್ಮಾಪಕನ ಮಗ, ಅವನಿಗೂ ತಂದೆಯ ಹೆಸರನ್ನು ಈ ಊರಿನ ಬಾಯಿಗೆ ತುರುಕುವ ಹಟವಿದೆ. ಲ್ಯೂಟನ್ ಆರ್‌ಕೆಓಗೆ ಹೋಗುವ ಮುನ್ನ ಹಲವು ವರ್ಷ ಇದೇ ಸೆಲ್ಜ್‌ನಿಕ್‌ನ ಬಳಿ ಕಥಾವಿಭಾಗದಲ್ಲಿ ದುಡಿದಿದ್ದ. ಎಂದರೆ ಯಜಮಾನನನ್ನೂ ಅವನ ಕೈಕೆಳಗಿನವನನ್ನೂ ಒಂದೇ ಪಾತ್ರದೊಳಗೆ ಬೆಸೆದಿದ್ದಾರೆ. ಶೀಲ್ಡ್ಸ್ ಒಮ್ಮೆ ಪ್ರಿಯನಾಗಿಯೂ ಮರುಕ್ಷಣ ಕ್ರೂರಿಯಾಗಿಯೂ ಕಾಣಲು ಈ ಬೆಸುಗೆಯೂ ಕಾರಣವೆಂದು ನನ್ನ ಊಹೆ.

ಕಥೆಗಾರ್ತಿ:

ಇಬ್ಬರ ಬರಹವನ್ನೂ ಆಸಕ್ತಿಯಿಂದ ಓದಿದೆ. ಆದರೆ ಹಳೆಯ ರೀಲು ಅವರು ಕಥೆ ಹೇಳುವಾಗ ರೋಸ್‌ಮೆರಿಯ ಸಾವನ್ನು ಒಂದು ಅರ್ಧವಾಕ್ಯದಲ್ಲಿ ಮುಗಿಸಿ, ಮುಂದಿನ ಸಾಲಿನಲ್ಲೇ ಗಂಡನ ಪುಲಿಟ್ಜರ್‌ಗೆ ದಾಟಿದ್ದಾರೆ. ತಪ್ಪು ಅವರದಲ್ಲ, ಚಿತ್ರವೇ ನಮ್ಮನ್ನು ಹಾಗೆ ದಾಟಿಸುತ್ತದೆ. ನನ್ನ ತಕರಾರು ಇರುವುದು ಅಲ್ಲಿಯೇ.

ಪೆಬೆಲ್‌ನ ಕಚೇರಿಯಲ್ಲಿ ಎಷ್ಟು ಕುರ್ಚಿಗಳಿವೆ ನೋಡಿ. ಕೆಲಸ ಕಸಿಯಲ್ಪಟ್ಟವನಿಗೆ ಒಂದು, ಪ್ರೀತಿಯಲ್ಲಿ ಮೋಸಹೋದವಳಿಗೆ ಒಂದು, ಹೆಂಡತಿಯನ್ನು ಕಳೆದುಕೊಂಡವನಿಗೆ ಒಂದು. ಪ್ರಾಣವನ್ನೇ ಕಳೆದುಕೊಂಡವಳಿಗೆ ಕುರ್ಚಿಯಿಲ್ಲ. ಅವಳ ಜೊತೆಗೆ ಸತ್ತ ಗಾಚೋನನ್ನೂ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗೆಳೆಯನ ಮಾತು ಕೇಳಿ ಹೊರಟ ಪಾಪದವನು ಅವನು. ಪೆಬೆಲ್‌ನ ವಾದ ನಿಲ್ಲುವುದು ಬದುಕಿ ಉಳಿದವರನ್ನು ಮಾತ್ರ ಕರೆಸಿರುವುದರಿಂದ. ಗೆದ್ದ ಮೂವರನ್ನು ಕೂರಿಸಿ ನೀವು ಗೆದ್ದಿದ್ದೀರಲ್ಲವೇ ಎಂದು ಕೇಳಿದರೆ ಇಲ್ಲವೆನ್ನಲು ಅಲ್ಲಿ ಯಾರಿದ್ದಾರೆ?

ಗ್ಲೋರಿಯಾ ಗ್ರಹಾಂ ಈ ಪಾತ್ರದಲ್ಲಿ ತೆರೆಯ ಮೇಲಿರುವುದು ಹೆಚ್ಚೆಂದರೆ ಒಂಬತ್ತೂವರೆ ನಿಮಿಷ. ಆ ಒಂಬತ್ತೂವರೆ ನಿಮಿಷಕ್ಕೆ ಅವರಿಗೆ ಶ್ರೇಷ್ಠ ಪೋಷಕ ನಟಿ ಆಸ್ಕರ್ ಬಂತು. ದಕ್ಷಿಣದ ಸಣ್ಣ ಊರಿನ ಕಾಲೇಜು ಮೇಷ್ಟರ ಹೆಂಡತಿ ಹಾಲಿವುಡ್ಡಿಗೆ ಬಂದು, ಸಿನಿಮಾ ನಟರನ್ನು ಕಂಡು ಹಿಗ್ಗುತ್ತಾಳೆ, ಮಾತು ಎಳೆದೆಳೆದು ಆಡುತ್ತಾಳೆ, ಗಂಡ ಬರೆಯಲು ಕುಳಿತಾಗಲೆಲ್ಲ ನಡುವೆ ಬರುತ್ತಾಳೆ. ಗಂಡನ ಮೇಲೆ ಅವಳಿಗಿರುವ ಮೋಹವೂ ಹೆಮ್ಮೆಯೂ ಸುಳ್ಳಲ್ಲ. ಅಡ್ಡಿ ಎಂದು ಶೀಲ್ಡ್ಸ್ ಕರೆದದ್ದು ಒಂದು ಜೀವಂತ ದಾಂಪತ್ಯವನ್ನು ಎಂಬುದನ್ನು ಗ್ರಹಾಂ ಆ ಕೆಲವೇ ನಿಮಿಷಗಳಲ್ಲಿ ನಂಬಿಸಿಬಿಡುತ್ತಾರೆ. ಆಮೇಲೆ ಬಾರ್ಟ್ಲೋ ಅವಳನ್ನು ಕುರಿತು ಕಾದಂಬರಿ ಬರೆದು ಬಹುಮಾನ ಪಡೆದನೆಂದರೆ, ಬರೆಯುವವಳಾದ ನನಗೆ ಅದು ಸಮಾಧಾನವಾಗಿ ಕೇಳಿಸುವುದಿಲ್ಲ. ಸತ್ತವಳು ಎರಡನೆಯ ಸಲವೂ ಇನ್ನೊಬ್ಬರ ಕೆಲಸಕ್ಕೆ ಒದಗಿದಳು ಎಂದು ಕೇಳಿಸುತ್ತದೆ.

ಶೀರ್ಷಿಕೆಯಲ್ಲಿ ತಾವು ಋಣ ಎಂಬ ಪದ ಬಳಸಿದ್ದೀರಿ. ಋಣವೆಂದರೆ ಕೊಟ್ಟವನು ನಿನ್ನ ಒಳಿತಿಗಾಗಿ ಕೊಟ್ಟನೆಂಬ ಭಾವ ಅದರಲ್ಲಿದೆ. ಅನ್ನದ ಋಣ, ಗುರುವಿನ ಋಣ ಎನ್ನುವುದು ಅದಕ್ಕೇ. ಶೀಲ್ಡ್ಸ್ ತನ್ನ ಚಿತ್ರಕ್ಕಾಗಿ ಕೊಟ್ಟವನು. ಅದರಿಂದ ಇವರಿಗೆ ಲಾಭವಾಯಿತು, ನಿಜ. ಲಾಭಕ್ಕೆ ಋಣವೆಂಬ ಹೆಸರಿಡುವುದು ಪೆಬೆಲ್‌ನ ಜಾಣತನ.

ಗಾಂಧಿನಗರದ ಸಹಾಯಕ:

ನಾನು ಬೆಂಗಳೂರಿನಲ್ಲಿ ಎಂಟು ವರ್ಷ ಸಹಾಯಕ ನಿರ್ದೇಶಕನಾಗಿದ್ದವನು, ಈಗ ಆ ಕೆಲಸ ಬಿಟ್ಟಿದ್ದೇನೆ. ಕಥೆಗಾರ್ತಿ ಅವರ ಮಾತನ್ನು ಒಪ್ಪುತ್ತಲೇ ಆಮಿಯಲ್‌ನ ಭಾಗದ ಬಗ್ಗೆ ಒಂದು ಮಾತು ಹೇಳಬೇಕಾಗಿದೆ, ಏಕೆಂದರೆ ಅದನ್ನು ನೋಡುವಾಗ ನನಗೆ ಕುಳಿತಲ್ಲಿ ಕೂರಲಾಗಲಿಲ್ಲ.

ಆ ಇಬ್ಬರ ಸ್ನೇಹ ಆರಂಭವಾಗುವುದು ಒಂದು ಅಂತ್ಯಕ್ರಿಯೆಯಲ್ಲಿ. ಶೀಲ್ಡ್ಸ್‌ನ ತಂದೆ ತೀರಿಕೊಂಡಾಗ ಅಳುವವರೂ ಇರುವುದಿಲ್ಲ. ಮಗ ದುಡ್ಡು ಕೊಟ್ಟು ಜೂನಿಯರ್ ಆರ್ಟಿಸ್ಟುಗಳನ್ನು ಕರೆಸಿ ದುಃಖಿಸುವವರ ಗುಂಪನ್ನು ಒಟ್ಟುಮಾಡಿರುತ್ತಾನೆ. ಕೂಲಿಗೆ ಬಂದವರಲ್ಲಿ ಆಮಿಯಲ್‌ನೂ ಒಬ್ಬ. ಸತ್ತವನ ಬಗ್ಗೆ ಅವನಾಡಿದ ಕಟುವಾದ ಮಾತು ಪಕ್ಕದಲ್ಲಿದ್ದ ಮಗನ ಕಿವಿಗೇ ಬೀಳುತ್ತದೆ. ಕ್ಷಮೆ ಕೇಳಲು ಮನೆಗೆ ಹೋದವನು ಗೆಳೆಯನಾಗುತ್ತಾನೆ. ಇಬ್ಬರೂ ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಒಟ್ಟಿಗೆ ಬೆಳೆಯುತ್ತಾರೆ. ಆದ್ದರಿಂದಲೇ ಮುಂದಿನದು ಅಷ್ಟು ನೋಯಿಸುತ್ತದೆ. ದೊಡ್ಡ ಬಂಡವಾಳ ದೊರೆತ ದಿನ ಆ ಸುದ್ದಿಯನ್ನು ಶೀಲ್ಡ್ಸ್ ಹೇಳುವಾಗ ಅವನ ದನಿಯಲ್ಲಿ ತಪ್ಪಿತಸ್ಥನ ಅಳುಕು ಇರುವುದಿಲ್ಲ, ಗೆಳೆಯನೂ ತನ್ನಂತೆಯೇ ಸಂತೋಷಪಡಬೇಕೆಂಬ ನಿರೀಕ್ಷೆಯಿರುತ್ತದೆ. ಚಿತ್ರ ದೊಡ್ಡದಾಯಿತಲ್ಲ, ಇನ್ನೇನು ಬೇಕು ಎಂಬ ಭಾವ.

ಆ ದನಿ ನನಗೆ ಪರಿಚಿತವಾದದ್ದು. ನಾನು ಎರಡು ವರ್ಷ ಕುಳಿತು ಬರೆದ ಕಥೆಯನ್ನು ನಾನು ಯಾರ ಕೈಕೆಳಗೆ ದುಡಿಯುತ್ತಿದ್ದೆನೋ ಅವರಿಗೆ ಹೇಳಿದ್ದೆ. ಒಳ್ಳೆಯ ನಿರ್ಮಾಪಕರು ಸಿಕ್ಕರು, ಚಿತ್ರವಾಯಿತು, ಗೆದ್ದಿತು ಕೂಡ. ಕಥೆ ಎಂಬಲ್ಲಿ ಅವರ ಹೆಸರಿತ್ತು, ನನ್ನದು ನಿರ್ದೇಶನ ತಂಡದ ಪಟ್ಟಿಯಲ್ಲಿ ಹನ್ನೊಂದನೆಯದಾಗಿ ಬಂತು. ನಿನ್ನ ಹೆಸರಿನಲ್ಲಾದರೆ ಯಾರೂ ದುಡ್ಡು ಹಾಕುತ್ತಿರಲಿಲ್ಲ ಎಂದು ಅವರು ಬೆನ್ನು ತಟ್ಟಿ ಹೇಳಿದರು. ಅದು ಸುಳ್ಳಾಗಿರಲಿಲ್ಲ ಎಂಬುದೇ ಸಹಿಸಲು ಕಷ್ಟವಾದದ್ದು. ದೃಶ್ಯವೊಂದನ್ನು ಎಲ್ಲಿ ಕತ್ತರಿಸಬೇಕು, ನಟನೊಬ್ಬನನ್ನು ಹೇಗೆ ಸುಮ್ಮನಿರಿಸಬೇಕು ಎಂಬುದನ್ನೆಲ್ಲ ನಾನು ಕಲಿತದ್ದು ಅವರಿಂದಲೇ. ಹೋದ ವರ್ಷ ಅವರಿಂದ ಫೋನ್ ಬಂತು. ನಾನು ಎತ್ತಿದೆ.

ರಂಗದ ಹಿಂದೆ:

ನಾನು ಹವ್ಯಾಸಿ ರಂಗಭೂಮಿಯವಳು, ಆದ್ದರಿಂದ ಜಾರ್ಜಿಯಾಳ ಭಾಗಕ್ಕೆ ನನ್ನ ಮನಸ್ಸು ಹೋಗುತ್ತದೆ. ಆ ಪಾತ್ರ ಮಾಡಿದ ಲಾನಾ ಟರ್ನರ್ ಕೇವಲ ಅಂದದ ತಾರೆಯೆಂದು ತಿಳಿದವರು ಈ ಚಿತ್ರವನ್ನು ನೋಡಬೇಕು.

ಜಾರ್ಜಿಯಾ ಮಹಾನಟನೊಬ್ಬನ ಮಗಳು. ಜಾನ್ ಬ್ಯಾರಿಮೋರ್ ಮತ್ತು ಅವರ ಮಗಳು ಡಯಾನಾ ಅವರ ನೆನಪು ಬರದೆ ಇರದು. ಪಾಳುಬಿದ್ದ ಮನೆಯಲ್ಲಿ ಸತ್ತ ತಂದೆಯ ದನಿ ಗ್ರಾಮಫೋನ್ ತಟ್ಟೆಯಿಂದ ಕೇಳುತ್ತಿರುವಾಗ ಅವಳನ್ನು ನಾವು ಮೊದಲು ಕಾಣುತ್ತೇವೆ, ಅದೂ ಮೇಲಿನಿಂದ ಇಳಿಬಿದ್ದ ಎರಡು ಕಾಲುಗಳನ್ನಷ್ಟೇ. ತಂದೆಯ ಚಿತ್ರಗಳಿಗೆ ಗುಡಿಕಟ್ಟಿ, ಅವನಂತೆಯೇ ಕುಡಿದು ಸಾಯಲು ಹೊರಟವಳು ಅವಳು. ಶೀಲ್ಡ್ಸ್ ಅವಳ ನೋವನ್ನು ಕೂಡಲೇ ಓದಬಲ್ಲ, ಏಕೆಂದರೆ ಅವನ ಹೆಗಲ ಮೇಲೂ ಸತ್ತ ತಂದೆ ಕುಳಿತಿದ್ದಾನೆ. ಇಲ್ಲಿ ನನಗೆ ಒಂದು ಸಂದೇಹವಿದೆ. ಅವನ ಪ್ರೀತಿ ಪೂರ್ತಿ ನಟನೆಯೆಂದು ಎಲ್ಲರೂ ಹೇಳುತ್ತಾರೆ. ಚಿತ್ರೀಕರಣದ ಮುನ್ನಾದಿನ ಕುಡಿದುಬಿಟ್ಟ ಅವಳನ್ನು ಎತ್ತಿಕೊಂಡು ಹೋಗಿ ಈಜುಕೊಳಕ್ಕೆ ಎಸೆಯುವಾಗ ಅವನ ಮುಖದಲ್ಲಿರುವುದು ಬಂಡವಾಳದ ಚಿಂತೆಯೊಂದೇ ಎಂದು ನನಗೆ ಅನ್ನಿಸುವುದಿಲ್ಲ. ಒಂದು ಚಿತ್ರ ಮುಗಿದ ಕೂಡಲೇ ಅವನು ಖಾಲಿಯಾಗಿ ಹೋಗುತ್ತಾನೆಂಬುದನ್ನು ಆಮಿಯಲ್‌ನ ಭಾಗದಲ್ಲೇ ತೋರಿಸಿದ್ದಾರೆ. ಕೆಲಸ ನಡೆಯುವಷ್ಟು ದಿನ ಅವನು ಕೊಡುವುದೆಲ್ಲ ನಿಜ, ಕೆಲಸ ಮುಗಿದ ಮೇಲೆ ಅದರಲ್ಲಿ ಏನೂ ಉಳಿಯುವುದಿಲ್ಲ. ಜಾರ್ಜಿಯಾಳ ಪಾಲಿಗೆ ಇದು ಪೂರ್ತಿ ಸುಳ್ಳಿಗಿಂತಲೂ ಕೆಟ್ಟದ್ದು.

ಆ ರಾತ್ರಿ ಅವನ ಮನೆಯಿಂದ ಹೊರಬಿದ್ದು ಅವಳು ಕಾರು ಓಡಿಸುವ ದೃಶ್ಯವನ್ನು ಸ್ಟುಡಿಯೋದ ಒಳಗೇ ತೆಗೆದರು; ಉಳಿದ ಚಿತ್ರೀಕರಣ ಮುಗಿದು ವಾರಗಳಾದ ಮೇಲೆ ಅದೊಂದನ್ನೇ ಪ್ರತ್ಯೇಕವಾಗಿ ತೆಗೆದದ್ದು. ಕಾರು ಎಲ್ಲಿಗೂ ಹೋಗುವುದಿಲ್ಲ. ಕ್ಯಾಮೆರಾ ಅವಳ ಸುತ್ತ ತಿರುಗುತ್ತದೆ, ಎದುರು ವಾಹನಗಳ ದೀಪಗಳು ಗಾಜಿಗೆ ಬಡಿಯುತ್ತವೆ, ಮಳೆ ಸುರಿಯುತ್ತದೆ, ಬೆಳ್ಳಗಿನ ತುಪ್ಪುಳುಡುಪಿನ ಆ ಹೆಣ್ಣು ಸ್ಟಿಯರಿಂಗ್ ಬಿಟ್ಟು ಕಿರುಚುತ್ತಾಳೆ. ರಸ್ತೆ ನಮಗೆ ಕಾಣುವುದೇ ಇಲ್ಲ. ಶೀಲ್ಡ್ಸ್ ಬೆಕ್ಕು-ಮನುಷ್ಯರ ಚಿತ್ರದಲ್ಲಿ ಕಂಡುಕೊಂಡ ಉಪಾಯವನ್ನೇ ಮಿನೆಲ್ಲಿ ಇಲ್ಲಿ ಅವನ ವಿರುದ್ಧ ಬಳಸಿದ್ದಾರೆ: ಪೆಟ್ಟು ಕೊಟ್ಟವನನ್ನು ತೋರಿಸದೆ ಪೆಟ್ಟನ್ನು ಮಾತ್ರ ತೋರಿಸಿದ್ದಾರೆ.

ಹಳೆಯ ರೀಲು:

ಕಥೆಗಾರ್ತಿ ಅವರ ಆಕ್ಷೇಪಣೆ ನನಗೆ ತಾಗಿದೆ. ಕುರ್ಚಿಗಳ ಲೆಕ್ಕ ಮೂರು ಸಲ ನೋಡಿದರೂ ನನಗೆ ಹೊಳೆದಿರಲಿಲ್ಲ. ಆದರೂ ಶೀಲ್ಡ್ಸ್‌ನ ಪರವಾಗಿ ಒಂದು ದೃಶ್ಯವನ್ನು ಮುಂದಿಡುತ್ತೇನೆ. ಜಾರ್ಜಿಯಾ ಅಭಿನಯಿಸುವ ಭಾವುಕ ದೃಶ್ಯವೊಂದು ಸೆಟ್ಟಿನಲ್ಲಿ ನಡೆಯುತ್ತಿರುವಾಗ ಕ್ಯಾಮೆರಾ ಅವಳನ್ನು ಬಿಟ್ಟು ಹಿಂದೆ ಸರಿಯುತ್ತದೆ. ಸುತ್ತ ನಿಂತ ಕೆಲಸಗಾರರನ್ನು ದಾಟಿ ಮೇಲೆ ಮೇಲೆ ಏರುತ್ತಾ, ಕೊನೆಗೆ ಅಟ್ಟದ ಮೇಲೆ ದೀಪದ ಪಕ್ಕ ಕುಳಿತ ಲೈಟ್‌ಮನ್ ಒಬ್ಬನ ಬಳಿ ನಿಲ್ಲುತ್ತದೆ. ಇಂಥವನ್ನು ಸಾವಿರ ಕಂಡಿರಬಹುದಾದ ಅವನು ಮೈಮರೆತು ಕೆಳಗೆ ನೋಡುತ್ತಿದ್ದಾನೆ. ಆ ಕ್ಷಣವನ್ನು ಸಾಧ್ಯವಾಗಿಸಿದವನು ಶೀಲ್ಡ್ಸ್. ಅವನಿಲ್ಲದಿದ್ದರೆ ಜಾರ್ಜಿಯಾ ಯಾವುದೋ ಕೋಣೆಯಲ್ಲಿ ಬಾಟಲಿಯ ಜೊತೆಗೆ ಮುಗಿದುಹೋಗುತ್ತಿದ್ದಳು. ಈ ಒಳಿತನ್ನು ಎಲ್ಲಿ ಇಡುವುದು?

ಕಥೆಗಾರ್ತಿ:

ಆ ದೃಶ್ಯದ ಮುಂದೆ ನಾನೂ ತಲೆಬಾಗುತ್ತೇನೆ. ಜಾರ್ಜಿಯಾ ಪಡೆದದ್ದಕ್ಕೆ ಜಾರ್ಜಿಯಾ ಬೆಲೆ ತೆತ್ತಳು, ಆದ್ದರಿಂದ ಅವಳು ಕ್ಷಮಿಸಬಹುದು, ಬಿಡಬಹುದು, ಅದು ಅವಳಿಗೆ ಸೇರಿದ್ದು. ಬಾರ್ಟ್ಲೋನ ಕಾದಂಬರಿಗೆ ಬೆಲೆ ತೆತ್ತವಳು ರೋಸ್‌ಮೆರಿ. ಅವಳ ಪರವಾಗಿ ಕ್ಷಮಿಸುವ ಹಕ್ಕು ಗಂಡನಿಗೂ ಇಲ್ಲವೆಂದು ನಾನು ತಿಳಿದಿದ್ದೇನೆ.

ನೆರಳು-ಬೆಳಕು:

ಶೀಲ್ಡ್ಸ್‌ನಿಗೆ ಚಿತ್ರ ಶಿಕ್ಷೆಯನ್ನೇ ಕೊಡುವುದಿಲ್ಲ ಎಂದುಕೊಳ್ಳುವುದು ಸರಿಯಲ್ಲ. ಬಾರ್ಟ್ಲೋನ ಭಾಗದಲ್ಲಿ ಅದು ನಡೆಯುತ್ತದೆ. ದೃಶ್ಯವೊಂದನ್ನು ಇನ್ನಷ್ಟು ಎತ್ತರಕ್ಕೆ ಒಯ್ಯಬೇಕೆಂದು ಶೀಲ್ಡ್ಸ್ ಒತ್ತಾಯಿಸಿದಾಗ ಹಿರಿಯ ನಿರ್ದೇಶಕ ಫಾನ್ ಎಲ್‌ಸ್ಟೈನ್ ಒಪ್ಪುವುದಿಲ್ಲ. ಎಲ್ಲ ದೃಶ್ಯಗಳನ್ನೂ ಶಿಖರವಾಗಿಸಿದರೆ ಅದು ದಾರವಿಲ್ಲದ ಸರದಂತೆ ಕಳಚಿಬೀಳುತ್ತದೆ ಎಂಬುದು ಅವನ ನಿಲುವು. ನಿರ್ದೇಶನಕ್ಕೆ ವಿನಯ ಬೇಕು, ಅದು ನಿನ್ನಲ್ಲಿದೆಯೇ ಎಂದು ಕೇಳಿ ಅವನು ಹೊರಟುಹೋಗುತ್ತಾನೆ. ಶೀಲ್ಡ್ಸ್ ತಾನೇ ನಿರ್ದೇಶಿಸುತ್ತಾನೆ. ಮುಗಿದ ಚಿತ್ರವನ್ನು ನೋಡಿದಾಗ ಅದು ಕೆಟ್ಟದಾಗಿದೆಯೆಂದು ಮೊದಲು ಗೊತ್ತಾಗುವುದು ಅವನಿಗೇ. ಬಿಡುಗಡೆ ಮಾಡದೆ ಅದನ್ನು ಪಕ್ಕಕ್ಕಿಡುತ್ತಾನೆ, ಅದರೊಂದಿಗೆ ಸ್ಟುಡಿಯೋವೂ ಮುಳುಗುತ್ತದೆ. ಅವನ ನೀತಿ ಎಷ್ಟೇ ಕೆಟ್ಟರೂ ಕಣ್ಣು ಕೆಡಲಿಲ್ಲ. ತನ್ನ ಕೆಲಸ ಕೆಟ್ಟದ್ದೆಂದು ತನಗೇ ಕಾಣುವುದಕ್ಕಿಂತ ದೊಡ್ಡ ಶಿಕ್ಷೆ ಆ ಮನುಷ್ಯನಿಗೆ ಇನ್ನೊಂದಿಲ್ಲ.

ಇನ್ನೊಂದು ಸಂಗತಿ. ಈ ಚಿತ್ರಕ್ಕೆ ಆರು ಆಸ್ಕರ್ ನಾಮನಿರ್ದೇಶನಗಳು ಬಂದು ಐದು ಪ್ರಶಸ್ತಿಗಳು ದೊರೆತವು: ಗ್ರಹಾಂ ಅವರಿಗೆ, ಚಾರ್ಲ್ಸ್ ಶ್ನೀ ಅವರ ಚಿತ್ರಕಥೆಗೆ, ರಾಬರ್ಟ್ ಸರ್ಟೀಸ್ ಅವರ ಕಪ್ಪು-ಬಿಳುಪು ಛಾಯಾಗ್ರಹಣಕ್ಕೆ, ಕಲಾನಿರ್ದೇಶನಕ್ಕೆ, ಹೆಲನ್ ರೋಸ್ ಅವರ ವಸ್ತ್ರವಿನ್ಯಾಸಕ್ಕೆ. ತಪ್ಪಿದ್ದು ಡಗ್ಲಾಸ್‌ಗೆ ಮಾತ್ರ, ಆ ವರ್ಷ ‘ಹೈ ನೂನ್’ ಚಿತ್ರದ ಗ್ಯಾರಿ ಕೂಪರ್ ಗೆದ್ದರು. ಶ್ರೇಷ್ಠ ಚಿತ್ರದ ಪಟ್ಟಿಯಲ್ಲಿ ಇದರ ಹೆಸರೇ ಇರಲಿಲ್ಲ. ಬಿಡಿಬಿಡಿಯಾಗಿ ಎಲ್ಲ ಕಸುಬನ್ನೂ ಮೆಚ್ಚಿದ ಆ ಊರು ಇಡಿಯ ಚಿತ್ರವನ್ನು ಮೆಚ್ಚಲು ಏಕೆ ಹಿಂಜರಿಯಿತೆಂದು ನನಗೆ ಆಗಾಗ ಅನ್ನಿಸುತ್ತದೆ. ಹತ್ತು ವರ್ಷಗಳ ನಂತರ ಮಿನೆಲ್ಲಿ, ಹೌಸ್‌ಮನ್, ಶ್ನೀ, ಡಗ್ಲಾಸ್, ಸಂಗೀತಗಾರ ಡೇವಿಡ್ ರಾಕ್ಸಿನ್ ಎಲ್ಲರೂ ಮತ್ತೆ ಸೇರಿ ರೋಮ್ ನಗರದ ಚಿತ್ರರಂಗವನ್ನು ಕುರಿತ ‘ಟೂ ವೀಕ್ಸ್ ಇನ್ ಅನದರ್ ಟೌನ್’ ಮಾಡಿದರು. ಅದರೊಳಗೆ ಸೋತುಹೋದ ನಟನಾದ ಡಗ್ಲಾಸ್ ಕುಳಿತು ಈ 1952ರ ಚಿತ್ರದ ತುಣುಕುಗಳನ್ನೇ ನೋಡುತ್ತಾನೆ. ಅದನ್ನು ನೋಡಿದ ಮೇಲೆ ಶೀಲ್ಡ್ಸ್‌ನ ಹುರುಪನ್ನು ಮೊದಲಿನಂತೆ ನೋಡಲು ನನಗೆ ಆಗಿಲ್ಲ.

ಹಳೆಯ ರೀಲು:

ನಿನ್ನೆ ರಾತ್ರಿ ಕೊನೆಯ ಹತ್ತು ನಿಮಿಷಗಳನ್ನು ಮತ್ತೆ ನೋಡಿದೆ. ಪೆಬೆಲ್ ಪ್ಯಾರಿಸ್ಸಿಗೆ ಫೋನ್ ಹಚ್ಚುತ್ತಾನೆ. ಮೂವರೂ ಒಲ್ಲೆವೆಂದು ಹೇಳಿ ಕೋಣೆಯಿಂದ ಹೊರಬರುತ್ತಾರೆ. ಹೊರಗಿನ ಕೋಣೆಯಲ್ಲಿ ಜಾರ್ಜಿಯಾ ಇನ್ನೊಂದು ಫೋನನ್ನು ಎತ್ತಿ ಕಿವಿಗಿಡುತ್ತಾಳೆ, ಉಳಿದಿಬ್ಬರು ಹತ್ತಿರ ಸರಿಯುತ್ತಾರೆ, ಮೂರು ತಲೆಗಳು ಒಂದು ರಿಸೀವರಿನ ಸುತ್ತ ಕೂಡುತ್ತವೆ.

ಇದನ್ನು ನಾನು ಈವರೆಗೆ ಕ್ಷಮೆ ಎಂದು ಓದಿಕೊಂಡಿದ್ದೆ, ಪೆಬೆಲ್‌ನ ವಾದ ಗೆದ್ದಿತೆಂದು ತಿಳಿದಿದ್ದೆ. ಗಾಂಧಿನಗರದ ಸಹಾಯಕರು ‘ನಾನು ಎತ್ತಿದೆ’ ಎಂದಷ್ಟೇ ಬರೆದು ನಿಲ್ಲಿಸಿದ ಮೇಲೆ ಹಾಗೆ ಓದಲು ಸಾಧ್ಯವಾಗಲಿಲ್ಲ. ಅವರು ಕ್ಷಮಿಸಿದೆನೆಂದು ಬರೆಯಲಿಲ್ಲ, ಋಣವೆಂದೂ ಬರೆಯಲಿಲ್ಲ. ಆ ಮೂವರಿಗೆ ಬೇಕಾಗಿರುವುದು ಕಥೆ. ಶೀಲ್ಡ್ಸ್ ಈ ಸಲ ಏನು ಕಟ್ಟಿದ್ದಾನೆ ಎಂದು ಕೇಳದೆ ಲಿಫ್ಟಿನವರೆಗೆ ನಡೆಯಲು ಅವರಿಂದಾಗುವುದಿಲ್ಲ. ಅವನಿಂದ ಅವರಿಗೆ ಅಂಟಿದ್ದು ಅದೇ, ಅವನನ್ನು ಮುಗಿಸಿದ್ದೂ ಅದೇ.

ಮತ್ತೊಮ್ಮೆ ನೋಡುವಾಗ ಬಾರ್ಟ್ಲೋನ ಮುಖದ ಮೇಲೆಯೇ ಕಣ್ಣಿಟ್ಟಿದ್ದೆ. ಮೂವರಲ್ಲಿ ಹಿಂದಿರುಗಿ ಹೋಗಲು ಎಲ್ಲರಿಗಿಂತ ಹೆಚ್ಚಿನ ಕಾರಣವಿದ್ದವನು ಅವನು. ಅವನೂ ಬಗ್ಗಿ ಕಿವಿಗೊಟ್ಟಿದ್ದಾನೆ. ಕಥೆಗಾರ್ತಿ ಅವರೇ, ತಾವು ಹೇಳಿದ ನಾಲ್ಕನೆಯ ಕುರ್ಚಿ ನನಗೆ ಮೊದಲ ಬಾರಿಗೆ ಕಂಡದ್ದು ಆಗ.

ಗಾಂಧಿನಗರದ ಸಹಾಯಕ:

ಕೇಳಿದ್ದೀರೆಂದು ತಿಳಿದು ಉತ್ತರಿಸುತ್ತಿದ್ದೇನೆ. ಅವರು ಫೋನಿನಲ್ಲಿ ಇಪ್ಪತ್ತು ನಿಮಿಷ ಕಥೆ ಹೇಳಿದರು, ಮಧ್ಯಂತರದವರೆಗೆ ಚೆನ್ನಾಗಿತ್ತು. ಆಮೇಲಿನದು ಏಕೆ ನಿಲ್ಲುವುದಿಲ್ಲವೆಂದು ನಾನು ಹೇಳಿದೆ. ಅವರು ಬರೆದುಕೊಂಡರು.